ಮಾವನ ಕೈಗೆಜ್ಜೆ

ಗೆಜ್ಜೆ ಕಟ್ಟಿಕೊಂಡು ವಿಡಿಯೋ ಗೇಮ್ ಆಡುವ ಮನುಷ್ಯ ಪ್ರಪಂಚದಲ್ಲಿ ಒಬ್ಬರೇ ಇದ್ದರೆ, ಅವರು ಸಾಲಿಗ್ರಾಮದ ನನ್ನ ಸೋದರಮಾವ! ಗೆಜ್ಜೆ ಕಾಲಿಗಲ್ಲ, ಮಣಿಕಟ್ಟಿಗೆ. ಕೇಳಿದರೆ, "ಇಲ್ಲಿ ಕುಣಿಯುದ್ ಕೈಯೇ ಅಲ್ದಾ?" ಎನ್ನುತ್ತಾರೆ. ಇವರ ಹತ್ತಿರ ವಾದ ಮಾಡುವುದುಂಟೆ?

ಮಾವ ಯಕ್ಷಗಾನದ ವೇಷಧಾರಿ, ಹಾರಿ ಹಾರಿ ಸುತ್ತು ಹಾಕುವುದಕ್ಕೇ ಹೆಸರಾದವರು. ಕೋಡಿ ಎಂಬ ಊರಿನಲ್ಲೊಂದು ಆಟದ ನಡುವೆ ಮಂಡಿ ಕೈಕೊಟ್ಟಿತು; ಮೇಳದವರು ಎತ್ತಿಕೊಂಡೇ ಬಣ್ಣ ಹಚ್ಚುವ ಚೌಕಿಗೆ ತಂದರು. ಇನ್ನು ಹಾರುವಂತಿಲ್ಲ ಎಂದರು ಡಾಕ್ಟರು. ಮಾವನನ್ನು ಕೊರೆದದ್ದು ಮಂಡಿಯಲ್ಲ, ಆಟ ಮುಗಿಸುವ ಮಂಗಳದವರೆಗೆ ತಾನು ರಂಗದಲ್ಲಿರಲಿಲ್ಲವಲ್ಲ ಎಂಬುದು. ಗೆಜ್ಜೆಯನ್ನು ಪೆಟ್ಟಿಗೆಗೆ ಹಾಕಲು ಹೋದ ಅತ್ತೆಯನ್ನು ತಡೆದರು: "ಆಟ ಮುಗೀದೆ ಗೆಜ್ಜೆ ಒಳಗಿಡುಕಾಗ."

ಹೊತ್ತು ಹೋಗಲೆಂದು ಟಿವಿಗೆ ಜೋಡಿಸುವ ಹಳೆಯದೊಂದು ಹಾರುವ ಗೇಮ್ ತಂದುಕೊಟ್ಟೆ. ಬೇಗನೆ ಮುಗಿಸಿ ಪಕ್ಕದೂರು ಕೋಟದ ತನಕ ಜಂಬ ಕೊಚ್ಚಿಕೊಂಡರು. ಇವರ ಸೊಕ್ಕಿಳಿಯಲಿ ಎಂದು ಅದರ ಎರಡನೆಯ ಭಾಗ ತಂದೆ. ಅಬ್ಬಬ್ಬಾ, ಅದನ್ನು ಮಾಡಿದವನಿಗೆ ಮನುಷ್ಯರ ಮೇಲೆ ಅದೆಂಥ ಹಗೆಯೋ! ಬಲ ಕೊಡಬೇಕಾದ ಅಣಬೆಯೇ ವಿಷ. ಹಾರಿದರೆ ಗಾಳಿ ಎತ್ತಿ ಒಗೆಯುತ್ತದೆ.

ವಿಷದ ಅಣಬೆಗೆ ಮಾವ ಬೇಜಾರು ಮಾಡಿಕೊಳ್ಳಲಿಲ್ಲ. "ಅದ್ ಮಾಯಾವೇಷ. ಪ್ರಸಂಗ ಅಂದ್ಮೇಲೆ ಇಪ್ಪುದೇ" ಎಂದರು. ಸೋಲಿಸಿದ್ದು ಕೊನೆಯ ಕೋಟೆಯ ಮುಂದಿನ ಹೊಂಡ. ಎಷ್ಟು ಹಾರಿದರೂ ಗುಳುಂ.

"ಸ್ವಲ್ಪ ಬೇಗ ಒತ್ತಿ ಮಾವ" ಎಂದೆ.

"ಬೇಗ ಅಂದ್ರೆ ಚೆಂಡೆಯ ಎಷ್ಟನೇ ಪೆಟ್ಟಿಗೆ? ತಾಳ ಇಲ್ದೆ ಹಾರುದ್ ಹ್ಯಾಂಗೆ ಮಾಣಿ?" (ತಲೆ ಬೋಳಾದರೂ ನಾನಿನ್ನೂ ಅವರಿಗೆ ಮಾಣಿಯೇ.)

ಅಡುಗೆಮನೆಯಿಂದ ಅತ್ತೆ ಖಾಲಿ ಕೊಡಪಾನ ಹಿಡಿದು ಬಂದರು. ಮದುವೆಯಾದಾಗಿನಿಂದ ಗಂಡನ ಕುಣಿತವನ್ನು ಎದುರಿಗೇ ಕೂತು ಕಂಡವರು.

"ಹ್ವಾಯ್, ನಾ ಬಡಿತೆ. ನೀವ್ ಕೊನೆ ಪೆಟ್ಟಿಗೆ ಹಾರಿ."

ಕೊಡಪಾನ ಚೆಂಡೆಯಾಯಿತು. ಕೊನೆಯ ಪೆಟ್ಟಿಗೆ ಗೆಜ್ಜೆ ಝಲ್ ಎಂದಿತು. ಗೇಮಿನ ಗೊಂಬೆಯನ್ನು ಗಾಳಿ ಎತ್ತಿಕೊಂಡು ಹೋಯಿತು. ಆಚೆ ದಡದಲ್ಲಿ ಕಾಲು ಊರಿತು! ಅದೇ ತಾಳದಲ್ಲಿ ಕೋಟೆಗೆ ನುಗ್ಗಿ, ಬೆಂಕಿ ಉಗುಳುವ ರಕ್ಕಸನನ್ನೂ ದಾಟಿ ಮಾವ ಗೆದ್ದೇಬಿಟ್ಟರು. ನನ್ನ ಕೂಗಿಗೆ ಪಕ್ಕದ ಮನೆಯವರು, "ಯಾರಿಗೆ ಎಂತ ಆಯ್ತ್?" ಎಂದು ಓಡಿ ಬಂದರು.

ಮಾವ ಮಾತ್ರ ಮೆಲ್ಲಗೆ ಗೆಜ್ಜೆ ಬಿಚ್ಚಿದರು. ಕಣ್ಣಿಗೊತ್ತಿಕೊಂಡು ಅತ್ತೆಯ ಕೈಗಿಟ್ಟರು.

"ಇನ್ ಒಳಗಿಡ್. ಕೋಡಿ ಆಟ ಇವತ್ ಮುಗೀತ್."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಕೊಡಪಾನದ ಮೇಲೆ ಮಂಗಳ ಬಾರಿಸಿದರು.