ಮದುಮಗನ ಧೋತರದ ಗುಲಾಲು

ಪ್ರಪಂಚದಲ್ಲಿ ಯಾರ ಮಾತಿಗಾದರೂ ತಲೆಬಾಗಬಹುದು, ಮದುವೆಯ ವಿಡಿಯೊ ಮಾಡಿಸಿದವರ ಮಾತಿಗೆ ಮಾತ್ರ ಬಾಗಬಾರದು ಎಂಬುದು ನನ್ನ ಸಿದ್ಧಾಂತ. ಒಮ್ಮೆ ಬಾಗಿದರೆ ಮತ್ತೆ ನೆಟ್ಟಗಾಗುವುದು ಕಷ್ಟ. ಒಬ್ಬರಿಗೆ ತಮ್ಮ ಬೋಳುತಲೆ ಹೊಳೆಯಬಾರದು. ಇನ್ನೊಬ್ಬರಿಗೆ ಮಾತು ಬಿಟ್ಟ ಭಾವಮೈದುನ ಊಟದ ಪಂಕ್ತಿಯಲ್ಲೂ ಕಾಣಬಾರದು. ನಾರಾಯಣಪೇಟೆಯ ನನ್ನ ಪುಟ್ಟ ಸ್ಟುಡಿಯೊದಲ್ಲಿ ಕೂತು ಇದನ್ನೆಲ್ಲ ಹಲ್ಲು ಕಚ್ಚಿ ಸಹಿಸಿದವನು ನಾನು. ಆದರೆ ತೆಲಂಗಾಣ ರಾಜ್ಯವಾದಾಗ ನಡೆದ ಒಂದು ಮದುವೆ ನನ್ನನ್ನು ಬಂಡಾಯಕ್ಕೇ ಎಬ್ಬಿಸಿತು.

ಹುಡುಗಿ ಶಾಂತಾ ನಮ್ಮೂರ ನೇಕಾರರ ಮಗಳು, ಹುಡುಗ ಗಡಿಯಾಚೆ ಕರ್ನಾಟಕದ ರಾಯಚೂರಿನವನು. ತಾಳಿ ಕಟ್ಟಿಸಿ, ಅವನ ಶಲ್ಯಕ್ಕೂ ಅವಳ ಸೆರಗಿಗೂ ಗಂಟು ಹಾಕಿ ಗುಡಿಗೆ ಕರೆದೊಯ್ಯುವಾಗ ಹೊಸ ರಾಜ್ಯದ ಸಂಭ್ರಮದ ಗುಂಪು ಎದುರಾಯಿತು. ಡೋಲು, ಕುಣಿತ, ತೆಲಂಗಾಣ ಹೋರಾಟದ ಬಣ್ಣವೇ ಆಗಿದ್ದ ಗುಲಾಬಿಯ ಗುಲಾಲು ಬೊಗಸೆ ಬೊಗಸೆ. ಎರಡೂ ಗುಂಪು ಕಲೆತು ಬಿಡಿಸಿಕೊಳ್ಳುವಷ್ಟರಲ್ಲಿ ಮದುಮಗನ ಬಿಳಿ ಧೋತರ ಬಿಳಿಯಾಗಿ ಉಳಿದಿರಲಿಲ್ಲ.

ವಾರ ಕಳೆಯುವ ಮೊದಲೇ ಹುಡುಗನ ದೊಡ್ಡಪ್ಪ ಸ್ಟುಡಿಯೊಗೆ ಬಂದರು. “ನಿಮ್ಮ ರಾಜ್ಯದ ಬಣ್ಣ ನಮ್ಮ ಹುಡುಗನ ಧೋತರಕ್ಕ ಯಾಕ್ರೀ? ತೆಗೀರಿ. ಇಲ್ಲಾಂದ್ರ ಈ ವಿಡಿಯೊ ನಮ್ಮ ಮನ್ಯಾಗ ಹಾಕಾಂಗಿಲ್ಲ.”

ಬಣ್ಣ ತಿದ್ದುವ ತಂತ್ರಾಂಶದಲ್ಲಿ ಇದಕ್ಕೊಂದು ಉಪಾಯವಿದೆ. ಬೇಡದ ಬಣ್ಣದ ಮೇಲೆ ಒತ್ತಿ ಮಾದರಿ ಕೊಟ್ಟರೆ, ಆ ಬಣ್ಣ ಇದ್ದಲ್ಲೆಲ್ಲ ಅದು ಹುಡುಕಿ ಹಿಡಿಯುತ್ತದೆ. ಹೀಗೆ ಹಿಡಿದದ್ದಕ್ಕೆ ‘ಕೀ’ ಎನ್ನುತ್ತಾರೆ. ಧೋತರದ ಮೇಲೆ ಒತ್ತಿದೆ. ತಿಳಿ ಗುಲಾಬಿ ಸಿಕ್ಕಿತು, ಮಡಿಕೆಯೊಳಗಿನ ಗಾಢ ಗುಲಾಬಿ ತಪ್ಪಿಸಿಕೊಂಡಿತು. ಅದನ್ನೂ ಸೇರಿಸಿದೆ, ಎಲೆಅಡಿಕೆ ಹಾಕಿದ್ದ ಪುರೋಹಿತರ ತುಟಿ ಬಂತು. ಇನ್ನೊಂದಿಷ್ಟು ಸೇರಿಸಿದೆ, ಶಾಂತಾಳ ಗುಲಾಬಿ ಸೀರೆ ಇಡಿಯಾಗಿ ಬಂದು ಬಿತ್ತು. ಧೋತರವನ್ನು ಬಿಳಿ ಮಾಡಿದರೆ ಸೀರೆಯೂ ಸುಣ್ಣ ಬಳಿದ ಗೋಡೆ. ಧೋತರದ ಸುತ್ತ ಗೆರೆ ಎಳೆದು ಬೇರ್ಪಡಿಸೋಣವೆಂದರೆ, ಗಂಟು ಹಾಕಿದ ಜೋಡಿ ಅಂಟಿಕೊಂಡೇ ನಡೆದಿದೆ. ಎಲ್ಲಿ ಗೆರೆ ಎಳೆದರೂ ಒಳಗೆ ಸೀರೆ ಇದ್ದೇ ಇದೆ.

ಆ ಹೊತ್ತಿಗೇ ತವರಿಗೆ ಬಂದಿದ್ದ ಶಾಂತಾ ಸ್ಟುಡಿಯೊಗೂ ಬಂದು, ಪರದೆಯ ಮೇಲಿನ ಬಿಳಿಚಿದ ಸೀರೆ ನೋಡಿದಳು.

“ಅಣ್ಣಾರೀ, ಆ ಸೀರಿ ನಮ್ಮಪ್ಪ ನೇಯ್ದಿದ್ದು. ಅವರ ಕಣ್ಣು ಮಂಜಾಗ್ಯಾವ. ಇನ್ನ ಮಗ್ಗಕ್ಕ ಕೂಡಾಂಗಿಲ್ಲ. ಅದ ಕಡೀ ಸೀರಿ. ಅದರ ಬಣ್ಣ ತೆಗೀಬ್ಯಾಡ್ರಿ.”

ನನಗೆ ಸಿಟ್ಟು ಬಂತು. ಒಗೆದರೆ ಹೋಗುವ ಗುಲಾಲಿಗಾಗಿ ಒಬ್ಬ ನೇಕಾರನ ಕೊನೆಯ ಸೀರೆ ಬಣ್ಣಗೆಡಬೇಕೇ? ಕೀಯನ್ನೇ ತಿರುಗಿಸಿಬಿಟ್ಟೆ. ಗುಲಾಬಿಯನ್ನು ಮಾತ್ರ ಉಳಿಸಿ ಮಿಕ್ಕ ಜಗತ್ತನ್ನೆಲ್ಲ ಕಪ್ಪು ಬಿಳುಪು ಮಾಡಿದೆ. ಇನ್ನು ರಾಯಚೂರಿನ ಯಾರು ಬೇಕಾದರೂ ಬರಲಿ ಎಂದುಕೊಂಡು ದೊಡ್ಡಪ್ಪನವರನ್ನು ಕರೆಸಿದೆ.

“ಒಂದು ಚೂರೂ ತೆಗೆದಿಲ್ರೀ, ತೆಗ್ಯಾದೂ ಇಲ್ಲ. ನೋಡ್ರಿ,” ಎಂದೆ.

ಅವರು ಬಾಯಿ ತೆರೆಯುವಷ್ಟರಲ್ಲಿ ಪರದೆಯ ಮೇಲೆ, ಬೂದು ಜನಜಂಗುಳಿಯ ನಡುವೆ, ಒಂದು ಗುಲಾಬಿ ಮುಷ್ಟಿ ಮೇಲೆದ್ದು ಮದುಮಗನ ಮೇಲೆ ಬಿಚ್ಚಿಕೊಂಡಿತು. ಬಣ್ಣದ ಗದ್ದಲದಲ್ಲಿ ಈವರೆಗೆ ಯಾರ ಕಣ್ಣಿಗೂ ಬೀಳದ ಮುಷ್ಟಿ ಅದು. ಆ ಮುಷ್ಟಿ ಬಿಚ್ಚಿ ಕುಣಿಯುತ್ತಿದ್ದವರು ಸಾಕ್ಷಾತ್ ದೊಡ್ಡಪ್ಪನವರೇ.

“ಡೋಲು ಹಂಗ ಬಾರ್ಸಿದ್ರಪ್ಪ,” ಎಂದರು ಅವರು ಮೆಲ್ಲಗೆ. “ಇರಲಿ ಬಿಡ್ರಿ. ಸೀರಿ ಚಂದ ಕಾಣ್ತೈತಿ.”

“ಯಂತ್ರ ಸುಳ್ಳು ಹೇಳಾಂಗಿಲ್ರೀ,” ಎಂದು ನಾನು ಮೀಸೆ ತಿರುವಿದೆ.

ಚಹಾ ತಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಗುಲಾಲಿಗೆ ಹೆದರಿ ಮೆರವಣಿಗೆಯ ಹಿಂದೆ ಉಳಿದಿದ್ದ ಅವಳೂ ಈಗ ಪರದೆಯ ಮೇಲೆ ಬಂದಳು. ಅವಳ ಸೀರೆ ಗುಲಾಬಿಯಾಗಿ ಮಿಂಚುತ್ತಿತ್ತು. ಸೀರೆಗೂ ಇದಕ್ಕೂ ಒಂದೇ ಬಣ್ಣ ಎಂದು ಗದ್ವಾಲದ ಅಂಗಡಿಯಲ್ಲಿ ನಾನು ಆಣೆ ಮಾಡಿ ಕೊಡಿಸಿದ್ದ ಬಟ್ಟೆಯ ರವಿಕೆ ಮಾತ್ರ ಬೂದು ಬೂದು.

“ಏನಂದ್ರಿ? ಯಂತ್ರ ಸುಳ್ಳು ಹೇಳಾಂಗಿಲ್ಲಾ?” ಎಂದಳು.

ಆ ತಂತ್ರಾಂಶಕ್ಕೆ ಬಣ್ಣದ ಗಂಧಗಾಳಿಯೂ ಇಲ್ಲವೆಂದು ನಾನು ಇಂದಿಗೂ ವಾದಿಸುತ್ತಲೇ ಇದ್ದೇನೆ.