ಹೊಸ್ತಿಲು ದಾಟದ ನಾಯಿ

ನಮ್ಮ ಮನೆಗೆ ಆ ನಾಯಿ ಬಂದಾಗಿನಿಂದ ಏನಾದರೊಂದು ನಡೆಯುತ್ತಲೇ ಇದೆ. ನಗಬೇಕೋ ಕೈಮುಗಿಯಬೇಕೋ ತಿಳಿಯದೆ ಎರಡನ್ನೂ ಮಾಡುತ್ತೇನೆ.

ಜೇವರ್ಗಿ ಕಡೆ ಒಂದು ಶೆಡ್ಡಿನಲ್ಲಿ, ಮರಿ ಮಾರುವ ಸಲುವಾಗಿ ಕೂಡಿಹಾಕಿದ್ದ ನಾಯಿಗಳನ್ನು ಬಿಡಿಸಿದ್ದರು. ಅದರಲ್ಲಿ ಒಂದು ಹೆಣ್ಣು ಲ್ಯಾಬ್ರಡಾರನ್ನು ನಮ್ಮ ದನದ ಡಾಕ್ಟರು ಹಿರೋಳ್ಳಿ ಹತ್ತಿರದ ನಮ್ಮ ಮನೆಗೆ ತಂದು ಬಿಟ್ಟರು. ನನ್ನ ಹೆಂಡತಿ ಅದಕ್ಕೆ ಗೌರಿ ಎಂದು ಹೆಸರಿಟ್ಟಳು. ಹುಟ್ಟಿದಾಗಿನಿಂದ ಪಂಜರದಲ್ಲಿದ್ದ ಜೀವ. ಬಾಗಿಲು ಕಂಡರೆ ನಡುಗುತ್ತಿತ್ತು.

“ಯಜಮಾನ್ರ, ಬರೀ ಎತ್ಕೊಂಡು ಹೊರಗ ಒಯ್ದ್ರ ಆಗಂಗಿಲ್ರಿ. ತಾನೇ ಹೊಸ್ತಿಲ ದಾಟಿ ಅಂಗಳದಾಗ ಓಡಾಡಬೇಕು. ಇಲ್ಲಂದ್ರ ಹಿಂಗಾಲು ಪೂರಾ ಸೋಲ್ತಾವ” ಎಂದರು ಡಾಕ್ಟರು.

ಬಾಣಂತನ

“ಐದಾರು ಸಲ ಹೆತ್ತಾಳ, ಒಂದ್ ಸಲಾನೂ ಯಾರೂ ಬಾಣಂತನ ಮಾಡಿಲ್ಲ” ಎಂದು ಹೆಂಡತಿ ಮರುಗಿದಳು. ಗೌರಿಯ ಮೈಗೆ ಬೆಚ್ಚನೆಯ ಎಣ್ಣೆ ತಿಕ್ಕಿ, ಅಜವಾನದ ಹೊಗೆ ಹಾಕಿ, ಕಿವಿ ಮುಚ್ಚುವಂತೆ ತಲೆಗೆ ಅರಿವೆ ಕಟ್ಟಿ ಕೂರಿಸಿದಳು. ಅಷ್ಟರಲ್ಲಿ ಡಾಕ್ಟರು ಬಂದರು.

“ಇದೇನ್ರಿ ಅಕ್ಕಾರ, ತಲಿಗಿ ಅರಿವಿ?”

“ಬಾಣಂತಿ ಅಲ್ಲೇನ್ರಿ? ಕಿವ್ಯಾಗ ಗಾಳಿ ಹೊಗಬಾರ್ದು.”

“ಮರಿ ಹಾಕಿ ಎಂಟ್ ತಿಂಗಳಾತ್ರಿ!”

“ಹೌದ್ರಿ, ತಡಾ ಆಗ್ಯಾದ. ಅದಕ್ಕೇ ಎರಡ್ ಅರಿವಿ ಕಟ್ಟೀನಿ.”

ಪೂಜೆ

ಮೈಮೇಲಿನ ಗಾಯ ಮಾಯ್ದವು. ಎಣ್ಣೆ ತಿಕ್ಕಿದ ಕೈಗೆ ಶರಣು. ಆದರೆ ಗೌರಿ ಬೊಗಳುತ್ತಲೇ ಇರಲಿಲ್ಲ. ಮುಂಜಾನೆ ನಾನು ಲಿಂಗಪೂಜೆಗೆ ಕೂತರೆ ಎದುರಿಗೆ ಅಲುಗದೆ ಕೂತಿರುತ್ತಿತ್ತು. ಪಕ್ಕದ ಮನೆಯ ಅಜ್ಜಿ ಇದನ್ನು ನೋಡಿ ಗಂಡನಿಗೆ, “ನಾಯಿಗಿ ಅದ ಭಕ್ತಿ, ನಿಮಗ ಇಲ್ಲ” ಎಂದಳು.

ಮರುದಿನ ಅಜ್ಜ ಹಣೆತುಂಬ ಈಬತ್ತಿ ಬಳಿದುಕೊಂಡು ಬಂದು ನನ್ನ ಪಕ್ಕ ಕೂತ. ಕಣ್ಣು ಮುಚ್ಚಿದ್ದೇ ತಡ, ಗೊರಕೆ. ತಿಂಗಳುಗಟ್ಟಲೆ ಬಾಯಿ ಬಿಡದ ಗೌರಿ ಅವತ್ತು ಮೊದಲ ಸಲ ಬೊಗಳಿತು! ಅಜ್ಜ ಗಡಬಡಿಸಿ ಎದ್ದ. ನನಗೆ ಕಣ್ಣೀರು ಬಂತು. ಅಜ್ಜಿ ಮಾತ್ರ ಗೌರಿಗೆ ಕೈಮುಗಿದಳು: “ನಲವತ್ತು ವರ್ಷ ನಾ ಒದರಿದೆ, ಏಳಲಿಲ್ಲ. ನೀ ಒಂದೇ ಸಲಕ್ಕ ಎಬ್ಬಿಸಿದಿ ನಮ್ಮವ್ವಾ!”

ಅಯ್ಯನವರು

ಹೊಸ್ತಿಲು ಮಾತ್ರ ದಾಟಲೊಲ್ಲದು. ಹಾಲು ರೊಟ್ಟಿ ತೋರಿಸಿದರೂ ಇಲ್ಲ. “ನಿಂತು ಕರಿಬ್ಯಾಡ್ರಿ, ಅದರ ಸರಿಸಮ ಇಳೀರಿ” ಎಂದರು ಡಾಕ್ಟರು.

ಸೋಮವಾರ ಮುಂಜಾನೆ ಧೋತರ ಮೇಲೆ ಕಟ್ಟಿ, ಗೌರಿಯತ್ತ ಮುಖ ಮಾಡಿ, ಅಂಗೈ ಮೊಣಕಾಲು ಊರಿ ಹಿಂದು ಹಿಂದಕ್ಕೆ ಹೊಸ್ತಿಲು ದಾಟಿದೆ. ಅಂಗಳಕ್ಕೆ ಇಳಿಯುತ್ತಲೇ ನನ್ನ ಕಾಲು ಯಾರಿಗೋ ತಾಗಿತು. ನೋಡಿದರೆ, ಭಿಕ್ಷೆಗೆ ಬಂದು ನಿಂತ ಅಯ್ಯನವರು! ಜಂಗಮರಿಗೆ ಕಾಲು ತಾಗಿಸಿದೆನಲ್ಲಾ ಶಿವನೇ ಎಂದು ಗಾಬರಿಯಾಗಿ ಅಲ್ಲೇ ತಿರುಗಿ ಉದ್ದಕ್ಕೆ ಅಡ್ಡಬಿದ್ದೆ.

ನಾನು ನೆಲಕ್ಕಂಟಿದ್ದು ಕಂಡು ಗೌರಿಗೆ ಏನನ್ನಿಸಿತೋ. ಒಂದು ಕಾಲು, ಇನ್ನೊಂದು ಕಾಲು, ಮೆಲ್ಲಗೆ ಹೊಸ್ತಿಲು ದಾಟಿ ಬಂದು ನನ್ನ ಪಕ್ಕ ಮಲಗಿ ಅಯ್ಯನವರ ಪಾದದ ಮೇಲೆ ಗದ್ದ ಇಟ್ಟಿತು.

“ಏಳಪಾ ತಮ್ಮಾ” ಎಂದರು ಅಯ್ಯನವರು.

“ಏಳಂಗಿಲ್ರಿ! ನಾ ಎದ್ರ ಅಕಿ ಒಳಗ ಓಡ್ತಾಳ.”

“ಹಂಗಾರ ನಾ ಏನ್ ಮಾಡ್ಲೊ?”

ಒಳಗಿನಿಂದ ಹೆಂಡತಿ ಅಳುತ್ತಲೇ ಅಂದಳು: “ಮೆಲ್ಲಕ ಹಿಂದ ಹೋಗ್ರಿ ಅಯ್ಯನವರ, ಪುಣ್ಯಾ ಬರ್ತದ!”

ಅಯ್ಯನವರು ಜೋಳಿಗೆ ಹಿಡಿದು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟರು. ಅವರೆದುರು ಅಂಬೆಗಾಲಲ್ಲಿ ನಾನು, ನನ್ನ ಬೆನ್ನಿಗೆ ಗೌರಿ. ಬೇವಿನ ಗಿಡದ ತನಕ ಹೀಗೇ ಹೋದೆವು. ಅಲ್ಲಿ ಗೌರಿ ಮೈ ಝಾಡಿಸಿ, ಬಿಸಿಲಿಗೆ ಮೂತಿ ಎತ್ತಿ, ಅಂಗಳದ ತುಂಬ ಒಂದು ಸುತ್ತು ಓಡಿತು.

ನಾನು ಎದ್ದು, ಮೊಣಕಾಲಿನ ಮಣ್ಣನ್ನೂ ಒರೆಸದೆ ಕೈಮುಗಿದು ನಿಂತೆ. ಅಯ್ಯನವರು ಉಸಿರು ಬಿಟ್ಟು ನಕ್ಕರು: “ಭಿಕ್ಷಾಕ್ಕ ಬಂದ್ರ ‘ಮುಂದ ಹೋಗ್ರಿ’ ಅನ್ನೋ ಮನಿ ಭಾಳ ನೋಡೀನಿ ತಮ್ಮಾ. ‘ಹಿಂದ ಹೋಗ್ರಿ’ ಅಂದ ಮನಿ ಇದೊಂದೇ!”