ಎಡಗಡೆ ಸೀಟಿನ ಐವತ್ತು ಕೇಜಿ

ನಾನು ಎಲ್ಲಿಗೆ ಹೋದ್ರೂ ಅಷ್ಟೆ, ಎಡವಟ್ಟು ಅನ್ನೋದು ನನಗಿಂತ ಮೊದಲೇ ಹೋಗಿ ಅಲ್ಲಿ ಜಾಗ ಹಿಡಿದಿರುತ್ತೆ.

ಮೂವತ್ತು ವರ್ಷ ಕಂಟೋನ್ಮೆಂಟಿನ ಒಂದು ಹೆಣ್ಣುಮಕ್ಕಳ ಶಾಲೇಲಿ ಪಿ.ಟಿ. ಮಿಸ್ ಆಗಿದ್ದೆ. ವಿಷಲ್ ಊದಿದ್ರೆ ಮುನ್ನೂರು ಹುಡುಗೀರು ತೆಪ್ಪಗೆ ಸಾಲಾಗಿ ನಿಲ್ತಿದ್ರು. ಈಗ ರಿಚರ್ಡ್ಸ್ ಟೌನಿನ ಎರಡು ರೂಮಿನ ಮನೇಲಿ ಊದಿದ್ರೆ ಕಿಟಕೀಲಿ ಕೂತ ಪಾರಿವಾಳ ಕೂಡ ಕತ್ತು ತಿರುಗಿಸಲ್ಲ. ಮದ್ವೆ ಆಗಲಿಲ್ಲ. ಆಗಲಿಲ್ಲ ಅಷ್ಟೆ, ಅದಕ್ಕೊಂದು ಕಥೆ ಏನಿಲ್ಲ. ಒಂಟಿತನ ಇಲ್ವಾ ಮಿಸ್ ಅಂತ ಹಳೇ ಹುಡುಗೀರು ಕೇಳ್ತಾರೆ. ಇದೆ ಕಣ್ರೇ, ಬೇಕಾದಷ್ಟಿದೆ. ಕೆಲವರು ಅದಕ್ಕೆ ನಾಯಿ ಸಾಕ್ತಾರೆ, ನಾನು ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಸೆಡಾನ್ ತಗೊಂಡೆ. ಚಿಕ್ಕಂದಿನಿಂದ ಜೋರಾಗಿ ಓಡೋ ವಸ್ತು ಕಂಡ್ರೆ ನನಗೆ ಪ್ರಾಣ.

೧. ಯಾವಾಗ?

ಕಾರು ತಗೊಂಡ ವಾರ. ಹಲಸೂರಿಂದ ಇಂದಿರಾನಗರಕ್ಕೆ ಹೊರಟಿದ್ದೆ. ಟ್ರಾಫಿಕ್ಕು ಹೇಗಿತ್ತು ಅಂದ್ರೆ ಪಕ್ಕದ ಆಟೋದ ಡ್ರೈವರ್ ಜೊತೆ ಪರಿಚಯ ಆಗಿ, ಅವರ ಮಗಳು ಪಿಯುಸೀಲಿ ಯಾವ ಕಾಂಬಿನೇಷನ್ ತಗೊಂಡಿದ್ದಾಳೆ ಅನ್ನೋವರೆಗೂ ಮಾತು ಹೋಯ್ತು. ಅವತ್ತು ನಾನು ಬೇರೆ ಯಾರ ಜೊತೆಗೂ ಮಾತಾಡಿರಲಿಲ್ಲ, ಅದಕ್ಕೆ ನಾನೂ ಬಿಡಲಿಲ್ಲ.

ಕೊನೆಗೆ ಅವರು ನನ್ನ ಕಾರನ್ನ ಮುಂದಿಂದ ಹಿಂದಿನವರೆಗೂ ನೋಡಿ ಕೇಳಿದ್ರು, "ಸಕ್ಕತ್ತಾಗಿದೆ ಮೇಡಂ. ಎಷ್ಟು ಸ್ಪೀಡ್ ಹೋಗುತ್ತೆ?"

"ಇನ್ನೂರೈವತ್ತು," ಅಂದೆ ಜಂಭದಿಂದ.

ಅವರು ಮುಂದೆ ನಿಂತಿದ್ದ ಬಸ್ಸು ನೋಡಿದ್ರು, ನನ್ನ ಮುಖ ನೋಡಿದ್ರು. "ಯಾವಾಗ?"

೨. ಬೇಸಿಗೆ ಟೈರು

ಕಾರಿನ ಹಳೇ ಟೈರುಗಳು ನನ್ನ ಹಿಮ್ಮಡಿ ಥರ ಬಿರುಕು ಬಿಟ್ಟಿದ್ದವು. ಮೊಬೈಲಲ್ಲಿ ಹದಿನೈದು ದಿನ ಓದಿದೆ. ಇಂಥ ಕಾರಿಗೆ ಸಮ್ಮರ್ ಟೈರ್ ಅಂತಲೇ ಬರುತ್ತಂತೆ. ಬಿಸಿ ರಸ್ತೇನ ಕಚ್ಚಿ ಹಿಡಿಯುತ್ತೆ, ನೀರಲ್ಲೂ ಜಾರಲ್ಲ. ಹಿಮ ಬೀಳೋ ಊರಲ್ಲಿ ಮಾತ್ರ ಬಿಚ್ಚಿಡ್ತಾರೆ.

ಇಷ್ಟನ್ನೂ ಕಲಿತ ಮೇಲೆ ಯಾರಿಗಾದ್ರೂ ಹೇಳಬೇಕಲ್ಲ? ಮೆಟ್ಟಿಲ ಹತ್ರ ಕೆಳಗಿನ ಮನೆ ಆಂಟಿ ಸಿಕ್ಕಿದ್ರು. ಇಪ್ಪತ್ತು ನಿಮಿಷ ಪಾಠ ಮಾಡಿದೆ. ಅವರು ಸೊಪ್ಪು ಬಿಡಿಸ್ತಾ ಎಲ್ಲಾ ಕೇಳಿಸ್ಕೊಂಡ್ರು. ನನಗೆ ಖುಷಿಯೋ ಖುಷಿ, ಕ್ಲಾಸ್ ತಗೊಂಡು ಎಷ್ಟು ದಿನ ಆಗಿತ್ತು.

ಪಾಠ ಮುಗಿದ ಮೇಲೆ ಆಂಟಿ ಪಾಪ ಮೆಲ್ಲಗೆ ಕೇಳಿದ್ರು, "ಅಲ್ಲ ರೀ, ಬೇಸಿಗೇದು ಹಾಕ್ಸಿದ್ರೆ ಮಳೆಗಾಲಕ್ಕೆ ಏನು ಮಾಡ್ತೀರ? ನಮ್ಮನೇವ್ರದ್ದು ಒಂದು ಜೊತೆ ಗಮ್‌ಬೂಟ್ ಇದೆ, ಬೇಕಾದ್ರೆ ತಗೊಂಡ್ಹೋಗಿ. ಇನ್ನೊಂದು ಜೊತೆ ನೀವು ನೋಡ್ಕೊಳ್ಳಿ."

೩. ಸದ್ದು ಮಾಡೋದು

ಶಿವಾಜಿನಗರದಲ್ಲಿ ಒಬ್ಬರು ಭಾಯ್ ಟೈರ್ ಅಂಗಡಿ ಇಟ್ಟಿದ್ದಾರೆ. ಬಿಳೀ ಗಡ್ಡ, ಕೈಯಲ್ಲಿ ಸದಾ ಒಂದು ಬಟ್ಟೆ. ನಾನು ಒಳಗೆ ಕಾಲಿಟ್ಟ ಕೂಡಲೇ ನನ್ನ ಹಿಂದೆ ಹಣಕಿ ನೋಡಿದ್ರು. "ಸಾರ್ ಪಾರ್ಕಿಂಗ್ ಮಾಡ್ತಿದಾರಾ ಮೇಡಂ?"

"ಸಾರೂ ನಾನೇ, ಮೇಡಮ್ಮೂ ನಾನೇ. ಟೈರ್ ತೋರ್ಸಿ," ಅಂದೆ.

ಎರಡು ಟೈರ್ ಉರುಳಿಸ್ಕೊಂಡು ಬಂದ್ರು. "ನೋಡಿ ಮೇಡಂ, ಇದು ಮೆತ್ತನೆ ರಬ್ಬರು. ತಿರುವಲ್ಲಿ ಹಿಡಿದ್ರೆ ಬಿಡಲ್ಲ. ಆದ್ರೆ ಬೇಗ ಸವೆಯುತ್ತೆ, ಗುಂಯ್ ಅಂತ ಸದ್ದೂ ಮಾಡುತ್ತೆ. ಇದು ಗಟ್ಟಿ, ಬಹಳ ವರ್ಷ ಬರುತ್ತೆ. ಓಡ್ತಿರೋದೇ ಗೊತ್ತಾಗಲ್ಲ, ಪೂರ್ತಿ ಸೈಲೆಂಟು. ಫ್ಯಾಮಿಲಿಯೋರೆಲ್ಲ ಇದನ್ನೇ ಕೇಳ್ತಾರೆ."

"ಸೈಲೆಂಟು ಮನೇಲಿ ಬೇಕಾದಷ್ಟಿದೆ ಭಾಯ್. ಫ್ರಿಡ್ಜ್ ಆಫ್ ಆದ್ರೆ ಎಚ್ಚರ ಆಗುತ್ತೆ ನನಗೆ. ಸದ್ದು ಮಾಡೋದೇ ಕೊಡಿ."

ಭಾಯ್ ಗಡ್ಡ ಕೆರ್ಕೊಂಡು, "ನಮ್ಮನೇಲಿ ಹದಿನಾಲ್ಕು ಜನ ಮೇಡಂ. ಒಂದು ವಾರ ಮನೆ ಅದಲುಬದಲು ಮಾಡ್ಕೊಳ್ಳೋಣ್ವಾ?" ಅಂದ್ರು.

೪. ಸಾರ್ ತೂಕ

ಟೈರ್ ಹಾಕಿದ ಮೇಲೆ ಚಕ್ರಗಳನ್ನ ನೇರ ಮಾಡೋ ಅಲೈನ್‌ಮೆಂಟು. ಭಾಯ್ ಹಳೇ ಟೈರುಗಳ ಮೇಲೆ ಅಂಗೈ ಆಡಿಸಿ, "ಬಲಗಡೆ ಜಾಸ್ತಿ ಸವೆದಿದೆ," ಅಂತ ಗೊಣಗಿದ್ರು. ಆಮೇಲೆ ಜೋರಾಗಿ, "ಇಂಥ ಕಾರಿಗೆ ನಾನು ಕೂರೋರ ಭಾರ ಇಟ್ಟೇ ಮಾಡೋದು. ಯಾವಾಗ್ಲೂ ಎಷ್ಟು ಜನ ಹೋಗ್ತೀರ ಮೇಡಂ? ಒಬ್ರಾ, ಇಬ್ರಾ?"

ಬೆಂಚಿನ ಮೇಲೆ ಆರೇಳು ಗಂಡಸರು ಕಾಯ್ತಾ ಕೂತಿದ್ರು. ಎಲ್ಲರೂ ತಲೆ ಎತ್ತಿದ್ರು. ಯಾಕೆ ಹಾಗಂದ್ನೋ ಇವತ್ತಿಗೂ ಗೊತ್ತಿಲ್ಲ. ಒಬ್ಬಳೇ ಅನ್ನಬೇಕಿತ್ತು. "ಇಬ್ರು," ಅಂದ್ಬಿಟ್ಟೆ.

"ಸಾರ್ ತೂಕ ಎಷ್ಟು?"

ಅಯ್ಯೋ ದೇವರೇ! ಇಲ್ಲದ ಗಂಡಸಿನ ತೂಕ ನಾನು ಎಲ್ಲಿಂದ ತರ್ಲಿ? ನಮ್ಮ ಒಂಬತ್ತನೇ ಕ್ಲಾಸ್ ಹುಡುಗೀರ ತೂಕ ಮಾತ್ರ ನೆನಪಿತ್ತು. "ಐವತ್ತು."

"ಐವತ್ತಾ!" ಭಾಯ್ ಕೈಲಿದ್ದ ಬಟ್ಟೆ ಕೆಳಗೆ ಬಿತ್ತು. "ಮೊದಲು ಸಾರ್‌ಗೆ ಹೊಟ್ಟೆ ತುಂಬ ಊಟ ಹಾಕಿ ಮೇಡಂ, ಟೈರ್ ಆಮೇಲೆ ನೋಡೋಣ."

೫. ಅಕ್ಕಿಗಿರೋ ಬುದ್ಧಿ

ಭಾಯ್ ಎರಡು ಮರಳು ಮೂಟೆ ತಂದು ಎಡಗಡೆ ಸೀಟಲ್ಲಿ ಕೂರಿಸಿದ್ರು. ಬೆಂಚಿನೋರ ನಗು ನೋಡೋಕಾಗದೆ ನಾನು ಎದುರಿನ ಹೋಟೆಲಿಗೆ ಹೋಗಿ ಸುಲೈಮಾನಿ ಚಾ ಕುಡಿದೆ. ವಾಪಸ್ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಕಾರು ಹತ್ತಿದ ಮೇಲೆ ಭಯ ಶುರುವಾಯ್ತು. ಇಬ್ರಿಗೆ ಅಂತ ಮಾಡಿಸಿದ ಕಾರನ್ನ ಒಬ್ಬಳೇ ಓಡಿಸಿದ್ರೆ ಹೊಸ ಟೈರ್ ಒಂದೇ ಕಡೆ ಸವೆದು ಹೋಗಲ್ವಾ? ರೂಲ್ಸ್ ಅಂದ್ರೆ ರೂಲ್ಸ್. ಪಕ್ಕದ ರಸ್ತೆಯ ದಿನಸಿ ಅಂಗಡೀಲಿ ಇಪ್ಪತ್ತೈದು ಕೇಜಿಯ ಎರಡು ಮೂಟೆ ಅಕ್ಕಿ ತಗೊಂಡು ಎಡಗಡೆ ಸೀಟಲ್ಲಿ ಇಡಿಸಿದೆ. ಇಟ್ಟಿದ್ದೇ ತಡ, ಸೀಟ್ ಬೆಲ್ಟ್ ಹಾಕಿ ಅಂತ ಕಾರು ಕೀಂಕೀಂ ಅನ್ನೋಕೆ ಶುರು. ಅಕ್ಕಿಗೆ ಬೆಲ್ಟ್ ಹಾಕಿದೆ.

ಒಂದು ತಿಂಗಳು ಹಾಗೇ ಓಡಾಡಿದೆ. ಪ್ರತಿ ಭಾನುವಾರ ಬೆಳಿಗ್ಗೆ ಕೆ.ಆರ್. ಪುರಂ ದಾಟಿ ಹೈವೇಗೆ, ನಾವಿಬ್ರೇ. ಮಾತಾಡೋದೂ ರೂಢಿ ಆಯ್ತು. "ನೋಡ್ರಿ, ಆ ಬೈಕಿನೋನು ಹೇಗೆ ಕಟ್ ಹೊಡೀತಾನೆ," ಅಂತೆಲ್ಲ. ಮನೇಲಿ ಅಕ್ಕಿ ಮುಗಿದಾಗ ಬೇರೆ ಎರಡು ಕೇಜಿ ತಂದೆ. ಅವರಿಂದ ತೆಗೆಯೋಕೆ ಮನಸ್ಸು ಬರಲಿಲ್ಲ.

ಒಂದಿನ ಸಿಗ್ನಲ್ಲಲ್ಲಿ ಟ್ರಾಫಿಕ್ ಪೊಲೀಸಿನ ಹೆಣ್ಣುಮಗಳು ಕಿಟಕೀಲಿ ಬಗ್ಗಿ ನೋಡಿದಳು. ನೋಡಿದ್ರೆ ನನ್ನ ಹಳೇ ಸ್ಟೂಡೆಂಟು! "ಮಿಸ್! ನೀವಾ? ಇದೇನು ಮಿಸ್, ಅಕ್ಕಿಗೆ ಬೆಲ್ಟು?"

"ರೂಲ್ಸ್ ಅಂದ್ರೆ ರೂಲ್ಸ್ ಕಣೇ," ಅಂದೆ.

ಅವಳು ಹಿಂದೆ ತಿರುಗಿ ಹೆಲ್ಮೆಟ್ ಇಲ್ಲದೆ ನಿಂತಿದ್ದ ಬೈಕಿನೋನನ್ನ ಕೈ ಮಾಡಿ ಕರೆದಳು. "ಇಲ್ಲಿ ಬಾರಪ್ಪ, ನೋಡು. ಅಕ್ಕಿಗಿರೋ ಬುದ್ಧಿ ನಿನಗಿಲ್ಲ."

೬. ಎಡಕ್ಕೆ ಎಳೆಯುತ್ತೆ

ಒಂದೇ ತೊಂದರೆ, ಕಾರು ಎಡಕ್ಕೆ ಎಳೀತಿತ್ತು. ಭಾಯ್ ಕೆಲಸ ಸರಿ ಮಾಡಿಲ್ಲ ಅಂತ ಜಗಳಕ್ಕೇ ಹೋದೆ. ಪುಣ್ಯಕ್ಕೆ ಬೆಂಚು ಖಾಲಿ ಇತ್ತು.

ಭಾಯ್ ಎಡಗಡೆ ಬಾಗಿಲು ತೆಗೆದ್ರು. ಬೆಲ್ಟ್ ಹಾಕ್ಕೊಂಡು ಕೂತಿದ್ದ ಎರಡು ಮೂಟೆ ನೋಡಿ ನನ್ನ ಕಡೆ ತಿರುಗಿದ್ರು. ಇನ್ನು ಮುಚ್ಚಿಡೋದೇನು? ಹೇಳ್ಬಿಟ್ಟೆ. "ಸಾರ್ ಯಾರೂ ಇಲ್ಲ ಭಾಯ್. ಅವತ್ತು ಸುಳ್ಳು ಹೇಳಿದೆ. ನಾನು ಒಬ್ಬಳೇ. ಒಬ್ಬಳಿಗೇ ಮಾಡಿಕೊಡಿ."

"ಅವತ್ತೇ ಒಬ್ರಿಗೇ ಮಾಡಿದ್ದೆ ಮೇಡಂ."

"ಏನು?"

"ಅವತ್ತು ಈ ಸೀಟಲ್ಲಿ ಒಂದು ಛತ್ರಿ, ಒಂದು ಟಿಫಿನ್ ಡಬ್ಬಿ, ಒಂದು ವಿಷಲ್ ಇತ್ತು. ಮನುಷ್ಯರು ಕೂರೋ ಸೀಟು ನಮಗೆ ಗೊತ್ತಾಗುತ್ತೆ. ಆದ್ರೆ ನೀವು ಇಬ್ರು ಅಂದ್ರಲ್ಲ, ಅಷ್ಟು ಜನರ ಮುಂದೆ ನಾನು ಹೇಗೆ ಇಲ್ಲ ಅನ್ಲಿ? ನೀವು ಚಾಗೆ ಹೋದಾಗ ಮರಳು ಇಳಿಸ್ಬಿಟ್ಟು ಮಾಡಿದೆ. ಈ ಅಕ್ಕಿಯಿಂದಾನೇ ಎಳೀತಿರೋದು."

ಅವರೇ ಮೂಟೆ ಇಳಿಸಿ, ಒಂದು ರೌಂಡ್ ಹೋಗಿ ಬನ್ನಿ ಅಂದ್ರು. ಹಲಸೂರು ಕೆರೆವರೆಗೂ ಹೋಗಿ ಬಂದೆ. ಎಳೆತ ಇಲ್ಲ, ಕೀಂಕೀಂ ಇಲ್ಲ, ದಾರ ಹಿಡಿದ ಹಾಗೆ ನೆಟ್ಟಗೆ ಹೋಯ್ತು. ಮಾತಾಡೋಕೆ ಅಂತ ಎರಡು ಸಲ ಎಡಕ್ಕೆ ತಿರುಗಿದೆ. ಖಾಲಿ ಸೀಟು ನೋಡಿ ಅಳು ಬಂತು, ನಿಜ ಹೇಳ್ಬೇಕು.

"ಸರಿ ಹೋಯ್ತಲ್ಲ ಮೇಡಂ? ಅಕ್ಕಿ ಡಿಕ್ಕಿಗೆ ಹಾಕ್ಲಾ?"

"ಬೇಡ. ಮುಂದೇನೇ ಇಡಿ."

"ಮತ್ತೆ ಎಡಕ್ಕೆ ಎಳೆಯುತ್ತೆ."

"ಎಳೀಲಿ ಬಿಡಿ ಭಾಯ್."

ಅವರು ಎರಡೂ ಮೂಟೆ ತಂದು ಕೂರಿಸಿದ್ರು. ಬೆಲ್ಟ್ ಎಳೆದು ಹಾಕಿದ್ರು. ಆಮೇಲೆ ಮೇಲಿನ ಮೂಟೆ ಭುಜ ತಟ್ಟೋ ಹಾಗೆ ತಟ್ಟಿ, ಬಹಳ ಮರ್ಯಾದೆಯಿಂದ ಹೇಳಿದ್ರು:

"ಸಾರ್, ಸ್ವಲ್ಪ ಮೇಡಂ ಕಡೆ ಸರ್ಕೊಂಡು ಕೂತ್ಕೊಳ್ಳಿ. ಟೈರ್ ಸವೆಯುತ್ತೆ."